ಹೊರದೇಶದಲ್ಲಿ ಬ್ರಿಟಿಷ್ ಪಠ್ಯಕ್ರಮದ ಶಾಲೆ ಆರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ಬೇರೆ ದೇಶಕ್ಕೆ ಹೊರಟ ಮನೆಗಳಲ್ಲಿ ವೀಸಾಕ್ಕಿಂತ, ಬಾಡಿಗೆ ಮನೆಗಿಂತ ಜಾಸ್ತಿ ನಿದ್ದೆ ಕೆಡಿಸುವುದು ಮಕ್ಕಳ ಶಾಲೆ. ನಮ್ಮ ಇಬ್ಬರು ಮಕ್ಕಳು ಮೂರು ದೇಶಗಳ ಬ್ರಿಟಿಷ್ ಶಾಲೆಗಳಲ್ಲಿ ಓದಿದ್ದಾರೆ. ಎರಡು ಸಲ ಸರಿಯಾಗಿ ಆರಿಸಿದೆವು, ಒಂದು ಸಲ ಎಡವಿದೆವು. ಈಗ ಹೊಸದಾಗಿ ಹೊರಟ ಗೆಳೆಯರು, ನೆಂಟರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಓದುವಾಗ ಒಂದು ಮಾತು ಮನಸ್ಸಿನಲ್ಲಿರಲಿ. ಮಗು ಈ ಶಾಲೆಗೆ ಹೇಗೆ ಸೇರುತ್ತದೆ ಅನ್ನುವುದಕ್ಕಿಂತ, ಇಲ್ಲಿಂದ ಮುಂದಿನ ಶಾಲೆಗೆ ಹೇಗೆ ಹೋಗುತ್ತದೆ ಅನ್ನುವುದು ದೊಡ್ಡ ಪ್ರಶ್ನೆ. ಕೆಲಸ ಎಲ್ಲಿಗೆ ಕರೆಯುತ್ತದೋ ಅಲ್ಲಿಗೆ ಹೋಗುವವರು ನಾವು, ಅಲ್ವಾ?

ಬ್ರಿಟಿಷ್ ಪಠ್ಯಕ್ರಮ ಅಂದರೆ ನಿಜವಾಗಿ ಏನು?

ಎಲ್ಲರೂ ಬ್ರಿಟಿಷ್ ಅಂತ ಕರೆದರೂ ಇದು ಇಂಗ್ಲೆಂಡಿನ ನ್ಯಾಷನಲ್ ಕರಿಕ್ಯುಲಮ್. ಸ್ಕಾಟ್ಲೆಂಡಿನ ಪದ್ಧತಿಯೇ ಬೇರೆ. ಇಂಗ್ಲೆಂಡಿನದು 1988ರ ಶಿಕ್ಷಣ ಸುಧಾರಣಾ ಕಾಯಿದೆಯಿಂದ ಬಂದದ್ದು. ಐದು ವರ್ಷದೊಳಗಿನ ಮಕ್ಕಳಿಗೆ ಅರ್ಲಿ ಇಯರ್ಸ್. ಅದರ ಕೊನೆಯ ವರ್ಷದ ಹೆಸರು ರಿಸೆಪ್ಷನ್. ಆಮೇಲೆ ಇಯರ್ 1 ಮತ್ತು 2 ಸೇರಿ ಕೀ ಸ್ಟೇಜ್ 1, ಇಯರ್ 3ರಿಂದ 6 ಕೀ ಸ್ಟೇಜ್ 2. ಇಯರ್ 7ರಿಂದ ಸೆಕೆಂಡರಿ. ಇಯರ್ 7ರಿಂದ 9 ಕೀ ಸ್ಟೇಜ್ 3. ಇಯರ್ 10 ಮತ್ತು 11ರಲ್ಲಿ, 16ರ ಹೊತ್ತಿಗೆ ಬರೆಯುವ ಪರೀಕ್ಷೆಗಳಾದ ಜಿಸಿಎಸ್‌ಇ ಅಥವಾ ಐಜಿಸಿಎಸ್‌ಇ. ಕೊನೆಯ ಎರಡು ವರ್ಷ, ಅಂದರೆ ಇಯರ್ 12 ಮತ್ತು 13, ಸಿಕ್ಸ್ತ್ ಫಾರ್ಮ್. ಅಲ್ಲಿ ವಿಶ್ವವಿದ್ಯಾಲಯಕ್ಕೆ ಮುಂಚಿನ ಎ ಲೆವೆಲ್ ಪರೀಕ್ಷೆ.

ಹೊರದೇಶದ ಶಾಲೆಗಳು ಇದನ್ನು ತಾವಾಗಿ ಒಪ್ಪಿಕೊಂಡು ನಡೆಸುತ್ತವೆ. ಬ್ರಿಟನ್ ಸರ್ಕಾರ ಅವುಗಳ ಮೇಲೆ ಕಾನೂನು ಹೇರುವುದಿಲ್ಲ. ಹೆಸರಿನಲ್ಲಿ ಬ್ರಿಟಿಷ್ ಅಂತ ಸೇರಿಸಿಕೊಳ್ಳಲು ಲಂಡನ್ನಿನಿಂದ ಯಾರ ಒಪ್ಪಿಗೆಯೂ ಬೇಕಿಲ್ಲ. ಅದಕ್ಕೇ ಒಂದೇ ಊರಿನ ಎರಡು ಬ್ರಿಟಿಷ್ ಶಾಲೆಗಳ ನಡುವೆ ಅಜಗಜಾಂತರ ಇರಬಹುದು.

ನನ್ನ ಮಗು ಯಾವ ಇಯರ್‌ಗೆ ಹೋಗಬೇಕು?

ಇಂಗ್ಲೆಂಡಿನ ಲೆಕ್ಕದಲ್ಲಿ ಸೆಪ್ಟೆಂಬರ್ 1ರಿಂದ ಮುಂದಿನ ಆಗಸ್ಟ್ 31ರವರೆಗೆ ಹುಟ್ಟಿದವರೆಲ್ಲ ಒಂದೇ ತರಗತಿ. ಆಗಸ್ಟ್ 31ಕ್ಕೆ ಐದು ತುಂಬಿದ ಮಗು ಸೆಪ್ಟೆಂಬರ್‌ನಲ್ಲಿ ಇಯರ್ 1ಕ್ಕೆ ಹೋಗುತ್ತದೆ. 2018ರ ಆಗಸ್ಟ್ 30ರಂದು ಹುಟ್ಟಿದ ಮಗು 2023ರ ಸೆಪ್ಟೆಂಬರ್‌ನಲ್ಲಿ ಇಯರ್ 1 ಸೇರಿತು ಅನ್ನಿ. ಮೂರು ದಿನ ತಡವಾಗಿ, ಸೆಪ್ಟೆಂಬರ್ 2ರಂದು ಹುಟ್ಟಿದ ಮಗು ಆಗ ಇನ್ನೂ ರಿಸೆಪ್ಷನ್. ಕೆಲವು ದೇಶಗಳ ಸರ್ಕಾರಗಳು ಈ ಕೊನೆ ದಿನವನ್ನು ತಮ್ಮ ನಿಯಮಕ್ಕೆ ತಕ್ಕಂತೆ ಬದಲಿಸಿಕೊಂಡಿವೆ. ಆದ್ದರಿಂದ ಅಲ್ಲಿನ ಶಾಲೆಯನ್ನೇ ಕೇಳಿ ಖಚಿತ ಮಾಡಿಕೊಳ್ಳಿ.

ಗ್ರೇಡ್ ಲೆಕ್ಕದ ಶಾಲೆಯಿಂದ ಬರುವವರು ಸಾಮಾನ್ಯವಾಗಿ ಒಂದು ಕೂಡಿಸಿಕೊಂಡರೆ ಸಾಕು. ಗ್ರೇಡ್ 5 ಅಂದರೆ ಇಯರ್ 6. ಇಲ್ಲಿ ಬಹಳ ಜನ ಗಾಬರಿಯಾಗುತ್ತಾರೆ, ಮಗು ಒಂದು ತರಗತಿ ಹಾರಿ ಹೋಯಿತು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಈ ಪದ್ಧತಿಯಲ್ಲಿ ಎಣಿಕೆ ಒಂದು ವರ್ಷ ಮೊದಲೇ ಶುರುವಾಗುತ್ತದೆ, ಅಷ್ಟೇ. ಮಗುವನ್ನು ಒಂದು ವರ್ಷ ಹಿಂದೆ ಕೂರಿಸಿ ಅಂತ ಶಾಲೆಯನ್ನು ಒತ್ತಾಯಿಸಬೇಡಿ. ಮುಂದೆ ಇನ್ನೊಂದು ದೇಶಕ್ಕೆ ಹೋದಾಗ ವಯಸ್ಸಿಗೂ ತರಗತಿಗೂ ತಾಳೆಯಾಗದೆ ತೊಂದರೆಯಾಗುತ್ತದೆ.

ಈ ಪಠ್ಯಕ್ರಮ ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ?

ಎರಡು ಮೂರು ವರ್ಷಕ್ಕೊಮ್ಮೆ ದೇಶ ಬದಲಿಸುವವರಿಗೆ ಇದು ನಿಜಕ್ಕೂ ಅನುಕೂಲ. ಇಯರ್ 4ರ ಮಗು ಒಂದು ದೇಶದಲ್ಲಿ ಭಿನ್ನರಾಶಿ ಕಲಿಯುತ್ತಿದ್ದರೆ, ಇನ್ನೊಂದು ದೇಶದ ಇಯರ್ 4ರಲ್ಲೂ ಹೆಚ್ಚುಕಡಿಮೆ ಅದೇ ನಡೆಯುತ್ತಿರುತ್ತದೆ. ಪ್ರತಿ ತರಗತಿಯಲ್ಲಿ ಏನು ಬರಬೇಕು ಅನ್ನುವುದು ಬರಹದಲ್ಲಿದೆ. ಇಯರ್ 1ರ ಕೊನೆಗೆ 40 ಪದಗಳನ್ನು ಅಕ್ಷರಗಳ ಉಚ್ಚಾರ ಕೂಡಿಸಿ ಓದಿಸುವ ಫೋನಿಕ್ಸ್ ಪರೀಕ್ಷೆ, ಇಯರ್ 6ರ ಕೊನೆಗೆ ಸ್ಯಾಟ್ಸ್ ಅನ್ನುವ ಇಂಗ್ಲಿಷ್, ಗಣಿತದ ಪರೀಕ್ಷೆ. ಹೊರದೇಶದ ಶಾಲೆಗಳಿಗೆ ಇವು ಕಡ್ಡಾಯವಲ್ಲ, ಆದರೂ ನಡೆಸುವ ಶಾಲೆಗಳಿವೆ. ನಡೆಸಿದರೆ ಒಳ್ಳೆಯದೇ. ಮುಂದಿನ ಶಾಲೆಗೆ ತೋರಿಸಲು ಒಂದು ಅಳತೆಗೋಲು ಸಿಗುತ್ತದೆ.

ಹೊಂದದೇ ಇರುವುದು ಎಲ್ಲಿ ಅಂದರೆ, 16ರ ನಂತರ. ಎ ಲೆವೆಲ್‌ನಲ್ಲಿ ಸಾಮಾನ್ಯವಾಗಿ ಮೂರೇ ವಿಷಯ. ಏನು ಇಷ್ಟ ಅಂತ ಆ ವಯಸ್ಸಿಗೆ ಗೊತ್ತಿರುವ ಮಕ್ಕಳಿಗೆ ಅದು ಹಬ್ಬ. ಇನ್ನೂ ಗೊತ್ತಾಗದ ಮಕ್ಕಳಿಗೆ ಬಾಗಿಲುಗಳು ಬೇಗ ಮುಚ್ಚಿಹೋಗುತ್ತವೆ. ಇನ್ನೊಂದು ವಿಷಯ. ಎರಡು ವರ್ಷದಲ್ಲಿ ತಾಯ್ನಾಡಿಗೆ ಮರಳುವುದು ಖಚಿತವಿದ್ದು, ಅಲ್ಲಿನ ಬೋರ್ಡಿಗೇ ಸೇರಬೇಕು ಅಂತಿದ್ದರೆ, ಆ ಬೋರ್ಡಿನ ಶಾಲೆ ಹೊರದೇಶದಲ್ಲಿ ಸಿಕ್ಕಿದರೆ ಅದನ್ನೇ ನೋಡಿ. ಹೆಸರಿನ ಆಸೆಗೆ ಮಗುವನ್ನು ಎರಡು ಸಲ ಪಲ್ಲಟ ಮಾಡಬೇಡಿ.

ಶಾಲೆ ನಿಜವಾಗಿ ಗುಣಮಟ್ಟದ್ದು ಅಂತ ತಿಳಿಯುವುದು ಹೇಗೆ?

ಮೊದಲು ನೋಡಬೇಕಾದ್ದು ಬ್ರಿಟಿಷ್ ಸ್ಕೂಲ್ಸ್ ಓವರ್‌ಸೀಸ್ ಅನ್ನುವ ಮಾನ್ಯತೆ. ಚಿಕ್ಕದಾಗಿ ಬಿಎಸ್‌ಓ. ಇದು ಇಂಗ್ಲೆಂಡಿನ ಶಿಕ್ಷಣ ಇಲಾಖೆ ನಡೆಸುವ ಯೋಜನೆ. ಶಾಲೆಗಳು ಇಷ್ಟಪಟ್ಟು ಸೇರಬಹುದು, ಕಡ್ಡಾಯವಲ್ಲ. ಇಲಾಖೆ ಒಪ್ಪಿದ ಸಂಸ್ಥೆಗಳು ಬಂದು ಪರೀಕ್ಷಿಸುತ್ತವೆ. ಇಂಡಿಪೆಂಡೆಂಟ್ ಸ್ಕೂಲ್ಸ್ ಇನ್‌ಸ್ಪೆಕ್ಟರೇಟ್, ಪೆಂಟಾ ಇಂಟರ್‌ನ್ಯಾಷನಲ್ ಅಂಥವು. ಇಂಗ್ಲೆಂಡಿನ ಖಾಸಗಿ ಶಾಲೆಗಳಿಗೆ ಇಟ್ಟಿರುವ ಅಳತೆಗೆ ಹತ್ತಿರದ ಅಳತೆಯಲ್ಲೇ ಪಾಠ, ಮಕ್ಕಳ ಸುರಕ್ಷತೆ, ಸಿಬ್ಬಂದಿಯ ಹಿನ್ನೆಲೆ, ಕಟ್ಟಡ, ದೂರು ಕೇಳುವ ವ್ಯವಸ್ಥೆ, ಆಡಳಿತ ಎಲ್ಲವನ್ನೂ ನೋಡುತ್ತಾರೆ. ವರದಿ ಬಹಿರಂಗವಾಗಿ ಸಿಗುತ್ತದೆ.

ಎರಡನೆಯದು ಶಾಲಾ ಒಕ್ಕೂಟಗಳ ಸದಸ್ಯತ್ವ. ಕೌನ್ಸಿಲ್ ಆಫ್ ಬ್ರಿಟಿಷ್ ಇಂಟರ್‌ನ್ಯಾಷನಲ್ ಸ್ಕೂಲ್ಸ್, ಅಂದರೆ ಕೋಬಿಸ್, ಪ್ರಪಂಚದಾದ್ಯಂತ ಇದೆ. ಏಷ್ಯಾಕ್ಕೆ ಫೋಬಿಸಿಯಾ, ಮಧ್ಯಪ್ರಾಚ್ಯಕ್ಕೆ ಬಿಎಸ್‌ಎಂಇ. ಸದಸ್ಯತ್ವ ಬೇರೆ, ಮಾನ್ಯತೆ ಬೇರೆ. ಶಾಲೆಯ ಬ್ರೋಷರ್‌ನಲ್ಲಿ ಸಾಲಾಗಿ ಲೋಗೋ ಇದ್ದರೆ, ಯಾವುದು ತಪಾಸಣೆ ಮಾಡಿ ಕೊಟ್ಟದ್ದು, ಯಾವುದು ಚಂದಾ ಕಟ್ಟಿ ಸೇರಿದ್ದು ಅಂತ ಒಂದೊಂದನ್ನೂ ಕೇಳಿ. ಕೇಂಬ್ರಿಜ್ ಪರೀಕ್ಷಾ ಕೇಂದ್ರ ಅನ್ನುವ ಫಲಕ ಇದ್ದರೆ ಅಲ್ಲಿ ಆ ಪರೀಕ್ಷೆಗಳನ್ನು ನಡೆಸಬಹುದು ಅಂತ ಅರ್ಥ. ಪಾಠ ಚೆನ್ನಾಗಿದೆ ಅನ್ನುವುದಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಮೂರನೆಯದು ಆ ದೇಶದ್ದೇ ಪ್ರಾಧಿಕಾರ. ದುಬೈನಲ್ಲಿ ಕೆಎಚ್‌ಡಿಎ 2008ರಿಂದ ಖಾಸಗಿ ಶಾಲೆಗಳ ತಪಾಸಣೆ ನಡೆಸುತ್ತಿತ್ತು, 2024-25ರಲ್ಲಿ ಪೂರ್ತಿ ತಪಾಸಣೆಯನ್ನು ತಡೆಹಿಡಿಯಿತು. ಔಟ್‌ಸ್ಟ್ಯಾಂಡಿಂಗ್‌ನಿಂದ ವೆರಿ ವೀಕ್‌ವರೆಗೆ ಆರು ದರ್ಜೆ. ಅಬುಧಾಬಿಯಲ್ಲಿ ಅಡೆಕ್ ಇದೆ. ಇಂಥ ವ್ಯವಸ್ಥೆ ಎಲ್ಲ ದೇಶಗಳಲ್ಲೂ ಇಲ್ಲ. ಇಲ್ಲದ ಕಡೆ ಬಿಎಸ್‌ಓ ವರದಿಯ ಬೆಲೆ ಇನ್ನೂ ಜಾಸ್ತಿ.

ಇನ್‌ಸ್ಪೆಕ್ಷನ್ ವರದಿಯಲ್ಲಿ ಏನು ಓದಬೇಕು? ಎಲ್ಲವೂ ಒಂದೇ ಥರ ಹೊಗಳಿರುತ್ತವಲ್ಲ?

ಮೊದಲ ಪುಟದ ದರ್ಜೆ ನೋಡಿ ಮುಚ್ಚಿಡುವವರೇ ಹೆಚ್ಚು. ನಾನೂ ಮೊದಲು ಹಾಗೇ ಮಾಡಿದ್ದೆ. ಈಗ ಬೇರೆ ಥರ ಓದುತ್ತೇನೆ.

ಮೊದಲು ತಾರೀಖು ನೋಡಿ. ಆಮೇಲೆ ಆ ದಿನ ಇದ್ದ ಪ್ರಿನ್ಸಿಪಾಲ್ ಈಗಲೂ ಇದ್ದಾರಾ ಅಂತ ನೋಡಿ. ಹೊರದೇಶದ ಶಾಲೆಗಳಲ್ಲಿ ಮುಖ್ಯಸ್ಥರು ಬದಲಾದರೆ ಎರಡೇ ವರ್ಷದಲ್ಲಿ ಶಾಲೆಯ ಗಾಳಿಯೇ ಬೇರೆಯಾಗುತ್ತದೆ. ನಾಲ್ಕು ವರ್ಷ ಹಳೆಯ ಒಳ್ಳೆ ವರದಿಗಿಂತ ಈಚಿನ ಸಾಧಾರಣ ವರದಿ ಹೆಚ್ಚು ನಿಜ ಹೇಳುತ್ತದೆ.

ನಂತರ ಕೊನೆಗೆ ಹೋಗಿ. ಶಾಲೆ ಇನ್ನೂ ಏನು ಸರಿಪಡಿಸಿಕೊಳ್ಳಬೇಕು ಅನ್ನುವ ಭಾಗ ಇರುತ್ತದೆ. ಹಿಂದಿನ ವರದಿಯನ್ನೂ ಹುಡುಕಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಅದೇ ಸಲಹೆ ಎರಡು ಸಲ ಬಂದಿದ್ದರೆ ಶಾಲೆ ಕಿವಿಗೆ ಹಾಕಿಕೊಂಡಿಲ್ಲ ಅಂತ ತಿಳಿಯಿರಿ. ಮೊದಲ ಸಲ ಹೇಳಿದ್ದನ್ನು ಎರಡನೆಯ ಸಲಕ್ಕೆ ಸರಿಮಾಡಿಕೊಂಡಿದ್ದರೆ, ಆ ಶಾಲೆಯ ಮೇಲೆ ನನಗೆ ತಕ್ಷಣ ನಂಬಿಕೆ ಬರುತ್ತದೆ. ನಮ್ಮ ಮೂರನೆಯ ಶಾಲೆಯನ್ನು ಆರಿಸಿದ್ದೇ ಹೀಗೆ. ದರ್ಜೆಯಲ್ಲಿ ಅದು ಊರಿನ ಮೊದಲ ಶಾಲೆ ಆಗಿರಲಿಲ್ಲ. ಆದರೆ ಪ್ರೈಮರಿಯ ಬರವಣಿಗೆ ಹಿಂದೆ ಬಿದ್ದಿದೆ ಅಂತ ಹಳೆಯ ವರದಿ ಹೇಳಿತ್ತು, ಹೊಸ ವರದಿ ಅದನ್ನೇ ಎತ್ತಿ ಹೊಗಳಿತ್ತು.

ಬ್ರಿಟನ್ನಿನ ದೊಡ್ಡ ಹೆಸರಿನ ಶಾಲೆಗಳ ಶಾಖೆ ಆದರೆ ಕಣ್ಣುಮುಚ್ಚಿ ಸೇರಿಸಬಹುದಾ?

ಬೇಡ. ಹ್ಯಾರೋ ಶಾಲೆಯ ಶಾಖೆ 1998ರಲ್ಲಿ ಬ್ಯಾಂಕಾಕ್‌ನಲ್ಲಿ ಶುರುವಾಯಿತು. ಡಲಿಚ್, ರೆಪ್ಟನ್, ಬ್ರೈಟನ್ ಕಾಲೇಜ್ ಹೆಸರಿನ ಶಾಲೆಗಳೂ ಏಷ್ಯಾದಲ್ಲಿ, ಕೊಲ್ಲಿ ದೇಶಗಳಲ್ಲಿ ಬಂದವು. ಇಂಥ ಏರ್ಪಾಡಿನಲ್ಲಿ ಸಾಮಾನ್ಯವಾಗಿ ಕಟ್ಟಡ ಕಟ್ಟಿ ನಡೆಸುವವರು ಸ್ಥಳೀಯ ಹೂಡಿಕೆದಾರರು. ಹೆಸರು, ಪದ್ಧತಿ, ಮೇಲ್ವಿಚಾರಣೆ ಮೂಲ ಶಾಲೆಯದ್ದು. ಆ ಮೇಲ್ವಿಚಾರಣೆ ಎಷ್ಟು ಗಟ್ಟಿ ಅನ್ನುವುದೇ ಕೇಳಬೇಕಾದ ಪ್ರಶ್ನೆ. ಮೂಲ ಶಾಲೆಯವರು ಆಡಳಿತ ಮಂಡಳಿಯಲ್ಲಿ ಇದ್ದಾರಾ? ವರ್ಷಕ್ಕೆ ಎಷ್ಟು ಸಲ ಬಂದು ತರಗತಿಯಲ್ಲಿ ಕೂರುತ್ತಾರೆ? ಪ್ರಿನ್ಸಿಪಾಲ್ ನೇಮಕದಲ್ಲಿ ಅವರ ಮಾತು ನಡೆಯುತ್ತದಾ? ಉತ್ತರ ತಡವರಿಸಿದರೆ ನೀವು ಹೆಸರಿಗೆ ದುಡ್ಡು ಕೊಡುತ್ತಿದ್ದೀರಿ.

ಲಾಭಕ್ಕಾಗಿ ನಡೆಯುವ ಶಾಲೆ, ಟ್ರಸ್ಟ್ ಶಾಲೆ, ಯಾವುದು ಮೇಲು?

ಎರಡರಲ್ಲೂ ಒಳ್ಳೆಯವಿವೆ. ಲಾಭದ ಉದ್ದೇಶವಿಲ್ಲದವುಗಳಲ್ಲಿ ಸಿಂಗಪುರದ ಟ್ಯಾಂಗ್ಲಿನ್ ಟ್ರಸ್ಟ್ 1925ರಿಂದ ಇದೆ, ನೆದರ್‌ಲೆಂಡ್ಸ್‌ನ ಬ್ರಿಟಿಷ್ ಶಾಲೆ 1931ರಿಂದ. ನಾರ್ಡ್ ಆಂಗ್ಲಿಯಾ, ಕಾಗ್ನಿಟಾ, ಜೆಮ್ಸ್ ಥರದ ಕಂಪನಿಗಳು ಹಲವು ದೇಶಗಳಲ್ಲಿ ಶಾಲೆ ನಡೆಸುತ್ತವೆ. ಅದೇ ಗುಂಪಿನ ಶಾಲೆ ನಿಮ್ಮ ಮುಂದಿನ ಊರಲ್ಲೂ ಇದ್ದರೆ ವರ್ಗಾವಣೆ ಸಲೀಸಾಗಬಹುದು. ನನಗೆ ಮುಖ್ಯ ಅನ್ನಿಸುವುದು ಒಂದೇ. ಪೋಷಕರ ದೂರು ಪ್ರಿನ್ಸಿಪಾಲ್ ಕೋಣೆ ದಾಟಿ ಮೇಲೆ ಹೋಗಲು ದಾರಿ ಇದೆಯಾ?

ಶಿಕ್ಷಕರ ಬಗ್ಗೆ ಏನು ಕೇಳಬೇಕು?

ಬೇರೆಲ್ಲ ಪ್ರಶ್ನೆ ಮರೆತರೂ ಇದನ್ನು ಮರೆಯಬೇಡಿ: ಕಳೆದ ವರ್ಷ ಎಷ್ಟು ಶಿಕ್ಷಕರು ಬಿಟ್ಟುಹೋದರು?

ಹೊರದೇಶಕ್ಕೆ ಬರುವ ಶಿಕ್ಷಕರ ಮೊದಲ ಒಪ್ಪಂದ ಹೆಚ್ಚಾಗಿ ಎರಡು ವರ್ಷದ್ದು. ಹಾಗಾಗಿ ಪ್ರತಿ ವರ್ಷ ಒಂದಿಷ್ಟು ಜನ ಹೋಗುವುದು ಸಹಜ. ಐವರಲ್ಲಿ ಒಬ್ಬರು ಹೋದರೆ ನಾನು ಚಿಂತಿಸುವುದಿಲ್ಲ. ಮೂವರಲ್ಲಿ ಒಬ್ಬರು ಹೋಗುತ್ತಿದ್ದರೆ ಕಾರಣ ಕೇಳುತ್ತೇನೆ. ವರ್ಷದ ನಡುವೆ ಬಿಟ್ಟುಹೋದವರ ಸಂಖ್ಯೆಯನ್ನು ಬೇರೆಯಾಗಿ ಕೇಳಿ. ಅದು ಹೆಚ್ಚಿದ್ದರೆ ಒಳಗೆ ಏನೋ ಸರಿಯಿಲ್ಲ.

ಅರ್ಹತೆಯಲ್ಲಿ ಕ್ಯುಟಿಎಸ್ ಅನ್ನುವ ಪದ ಕೇಳುತ್ತೀರಿ. ಇಂಗ್ಲೆಂಡಿನಲ್ಲಿ ಪಾಠ ಮಾಡಲು ತರಬೇತಿ ಪಡೆದು ಗಳಿಸಿದ ಶಿಕ್ಷಕ ಸ್ಥಾನ ಅದು. ಪಿಜಿಸಿಇ ಅನ್ನುವುದು ವಿಶ್ವವಿದ್ಯಾಲಯದ ಪ್ರಮಾಣಪತ್ರ. ಎಲ್ಲರೂ ಬ್ರಿಟನ್ನಿನವರೇ ಆಗಿರಬೇಕಿಲ್ಲ. ನಮ್ಮ ಮಗನಿಗೆ ಗಣಿತದ ಮೇಲೆ ಪ್ರೀತಿ ಹುಟ್ಟಿಸಿದ ಮೇಷ್ಟ್ರು ಬ್ರಿಟನ್ನಿನ ನೆಲವನ್ನೇ ತುಳಿದವರಲ್ಲ. ಆದರೆ ಈ ಪಠ್ಯಕ್ರಮವನ್ನು ಚೆನ್ನಾಗಿ ಬಲ್ಲವರು ಪ್ರತಿ ವಿಭಾಗದ ಮುಖ್ಯ ಜಾಗದಲ್ಲಿ ಇರಬೇಕು.

ಮಕ್ಕಳ ಸುರಕ್ಷತೆಯ ಬಗ್ಗೆ ಹೇಗೆ ವಿಚಾರಿಸುವುದು? ಕೇಳಲು ಮುಜುಗರ.

ಮುಜುಗರ ಬೇಡವೇ ಬೇಡ. ಈ ಶಾಲೆಗಳಲ್ಲಿ ಡೆಸಿಗ್ನೇಟೆಡ್ ಸೇಫ್‌ಗಾರ್ಡಿಂಗ್ ಲೀಡ್ ಅಂತ ಒಬ್ಬರು ಇರಬೇಕು. ಮಗುವಿಗೆ ತೊಂದರೆಯಾದರೆ ದೂರು ಅವರ ಹತ್ತಿರ ಹೋಗುತ್ತದೆ. ಅವರ ಹೆಸರು, ಫೋಟೋ ಮಕ್ಕಳ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲಿರಬೇಕು. ಶಾಲೆ ನೋಡಲು ಹೋದಾಗ ಹಾದಿಯಲ್ಲಿ ಸಿಕ್ಕ ಒಂದು ಮಗುವನ್ನು ಮೆಲ್ಲಗೆ ಕೇಳಿ: ನಿನಗೆ ಬೇಜಾರಾದರೆ ಯಾರ ಹತ್ತಿರ ಹೋಗ್ತೀಯ? ಮಗು ತಡಮಾಡದೆ ಒಂದು ಹೆಸರು ಹೇಳಿದರೆ ಸಮಾಧಾನ.

ನೇಮಕದ ವಿಷಯದಲ್ಲೂ ಕೇಳಿ. ಬ್ರಿಟನ್ನಿನಲ್ಲಿ ಇದ್ದು ಬಂದ ಶಿಕ್ಷಕರಿಗೆ ಇಂಟರ್‌ನ್ಯಾಷನಲ್ ಚೈಲ್ಡ್ ಪ್ರೊಟೆಕ್ಷನ್ ಸರ್ಟಿಫಿಕೇಟ್ ಅನ್ನುವ ಪೊಲೀಸ್ ದಾಖಲೆ ಸಿಗುತ್ತದೆ. ಹಿಂದೆ ಕೆಲಸ ಮಾಡಿದ ಪ್ರತಿ ದೇಶದಿಂದಲೂ ಪರಿಶೀಲನೆ ಆಗಿದೆಯಾ ಅಂತ ಕೇಳಿದರೆ ಒಳ್ಳೆ ಶಾಲೆ ಖುಷಿಯಿಂದ ವಿವರಿಸುತ್ತದೆ.

ಜಿಸಿಎಸ್‌ಇ, ಐಜಿಸಿಎಸ್‌ಇ: ವ್ಯತ್ಯಾಸ ಏನು?

ಹಳೆಯ ಓ ಲೆವೆಲ್ ಜಾಗಕ್ಕೆ ಜಿಸಿಎಸ್‌ಇ ಬಂತು, ಮೊದಲ ಪರೀಕ್ಷೆ 1988ರಲ್ಲಿ. ಐಜಿಸಿಎಸ್‌ಇ ಅದರ ಅಂತರರಾಷ್ಟ್ರೀಯ ರೂಪ. ಹೊರದೇಶದ ಬ್ರಿಟಿಷ್ ಶಾಲೆಗಳಲ್ಲಿ ಹೆಚ್ಚಾಗಿ ಇದೇ ನಡೆಯುತ್ತದೆ. ವಿಶ್ವವಿದ್ಯಾಲಯಗಳು ಎರಡನ್ನೂ ಸಮ ಅಂತಲೇ ನೋಡುತ್ತವೆ. ಇಂಗ್ಲೆಂಡಿನಲ್ಲಿ 2017ರಿಂದ ಅಕ್ಷರದ ಗ್ರೇಡ್ ಹೋಗಿ 9ರಿಂದ 1ರ ಅಂಕಿ ಬಂತು, 9 ಎಲ್ಲಕ್ಕಿಂತ ಮೇಲು. ಕೇಂಬ್ರಿಜ್‌ನ ಹಲವು ವಿಷಯಗಳಲ್ಲಿ ಎ ಸ್ಟಾರ್‌ನಿಂದ ಜಿವರೆಗಿನ ಹಳೆಯ ಗ್ರೇಡೂ ಉಳಿದಿದೆ. ಹಳೆಯ ಎ ಗ್ರೇಡನ್ನು 7ಕ್ಕೆ, ಸಿ ಗ್ರೇಡನ್ನು 4ಕ್ಕೆ ಹೋಲಿಸುವುದು ರೂಢಿ.

ಪರೀಕ್ಷಾ ಬೋರ್ಡುಗಳು ಮುಖ್ಯವಾಗಿ ಮೂರು: ಕೇಂಬ್ರಿಜ್, ಪಿಯರ್ಸನ್ ಎಡೆಕ್ಸೆಲ್, ಆಕ್ಸ್‌ಫರ್ಡ್ ಎಕ್ಯೂಎ. ಒಂದೇ ಶಾಲೆ ಒಂದು ವಿಷಯಕ್ಕೆ ಒಂದು ಬೋರ್ಡು, ಇನ್ನೊಂದಕ್ಕೆ ಇನ್ನೊಂದು ಬೋರ್ಡು ಹಿಡಿಯುವುದೂ ಉಂಟು. ಇದು ಯಾಕೆ ಮುಖ್ಯ ಅನ್ನುವುದು ಮುಂದಿನ ಉತ್ತರದಲ್ಲಿದೆ.

ಯಾವ ವರ್ಷದಲ್ಲಿ ಶಾಲೆ ಬದಲಿಸಬಾರದು?

ಇಯರ್ 10 ಶುರುವಾದ ಮೇಲೆ ಇಯರ್ 11 ಮುಗಿಯುವವರೆಗೆ. ಇಯರ್ 12 ಶುರುವಾದ ಮೇಲೆ ಇಯರ್ 13 ಮುಗಿಯುವವರೆಗೆ. ಇದನ್ನು ನಾವು ಪೆಟ್ಟು ತಿಂದು ಕಲಿತೆವು.

ಮಗಳು ಇಯರ್ 10ರ ಎರಡನೆಯ ಟರ್ಮ್‌ನಲ್ಲಿದ್ದಾಗ ನಮ್ಮ ಕೆಲಸ ಬೇರೆ ದೇಶಕ್ಕೆ ಬಿತ್ತು. ಹೊಸ ಶಾಲೆಯ ಅಡ್ಮಿಷನ್ ಕಚೇರಿಯಲ್ಲಿ ಕೇಳಿದೆ. ಅಲ್ಲೂ ಐಜಿಸಿಎಸ್‌ಇ, ಇಲ್ಲೂ ಐಜಿಸಿಎಸ್‌ಇ, ಏನೂ ತೊಂದರೆಯಿಲ್ಲ ಅಂದರು. ನಾನೂ ನಂಬಿದೆ, ಮುಂದೆ ಪ್ರಶ್ನೆ ಕೇಳಲಿಲ್ಲ. ಸೇರಿದ ಎರಡನೆಯ ವಾರಕ್ಕೆ ಗೊತ್ತಾಯಿತು. ಬೋರ್ಡ್ ಬೇರೆ. ಇಂಗ್ಲಿಷ್ ಸಾಹಿತ್ಯದಲ್ಲಿ ಅವಳು ಓದಿ ಮುಗಿಸಿದ ನಾಟಕವೇ ಇಲ್ಲಿ ಇರಲಿಲ್ಲ. ಇತಿಹಾಸದಲ್ಲಿ ಅವಳು ಒಂದು ಯುದ್ಧ ಕಲಿತಿದ್ದರೆ ಇಲ್ಲಿಯವರು ಇನ್ನೊಂದನ್ನು ಮುಗಿಸಿದ್ದರು. ರಸಾಯನಶಾಸ್ತ್ರದಲ್ಲಿ ಪಾಠಗಳ ಕ್ರಮವೇ ತಿರುಗುಮುರುಗು. ಕೊನೆಗೆ ಅವಳು ತುಂಬಾ ಇಷ್ಟಪಟ್ಟಿದ್ದ ಇತಿಹಾಸವನ್ನೇ ಬಿಡಬೇಕಾಯಿತು. ರಾತ್ರಿ ಹನ್ನೊಂದರವರೆಗೆ ಹಿಂದಿನ ಪಾಠ ತುಂಬಿಸಿಕೊಳ್ಳುತ್ತಾ ಕೂತಿರುತ್ತಿದ್ದಳು. ಆ ವರ್ಷ ನೆನಪಾದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಬದಲಿಸಲೇಬೇಕಾದರೆ ಹೀಗೆ ಮಾಡಿ. ಈಗಿನ ಶಾಲೆಯಿಂದ ಪ್ರತಿ ವಿಷಯದ ಬೋರ್ಡಿನ ಹೆಸರು, ಸಿಲಬಸ್ ಕೋಡ್, ಆಯ್ದ ಪಠ್ಯಗಳು, ಇದುವರೆಗೆ ಮುಗಿದ ಅಧ್ಯಾಯಗಳ ಪಟ್ಟಿ ತೆಗೆದುಕೊಳ್ಳಿ. ಅದನ್ನು ಹೊಸ ಶಾಲೆಯ ಆಯಾ ವಿಷಯದ ಶಿಕ್ಷಕರಿಗೆ ಕಳಿಸಿ. ಅಡ್ಮಿಷನ್ ಕಚೇರಿಯ ಮಾತು ಸಾಲದು, ಪಾಠ ಮಾಡುವವರ ಉತ್ತರ ಬೇಕು. ಸಾಧ್ಯವಾದರೆ ಒಬ್ಬರು ಮೊದಲು ಹೋಗಿ, ಇನ್ನೊಬ್ಬರು ಮಗುವಿನ ಜೊತೆ ಪರೀಕ್ಷೆ ಮುಗಿಯುವವರೆಗೆ ಉಳಿಯಿರಿ. ಕೆಲವು ತಿಂಗಳ ದೂರ ಕಷ್ಟವೇ. ಆದರೂ ನಾನು ಈಗ ಅದನ್ನೇ ಮಾಡುತ್ತಿದ್ದೆ.

ಇದರ ಅರ್ಥ ಇಷ್ಟೇ: ಮಗುವಿಗೆ 13 ತುಂಬಿದ್ದರೆ, ಹೊಸ ಕೆಲಸದ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಅದರ ಅವಧಿಯನ್ನು ಮಗುವಿನ ಪರೀಕ್ಷೆಯ ವರ್ಷಗಳ ಪಕ್ಕದಲ್ಲಿಟ್ಟು ನೋಡಿ.

ಸಿಕ್ಸ್ತ್ ಫಾರ್ಮ್‌ನಲ್ಲಿ ಎ ಲೆವೆಲ್ಲಾ, ಐಬಿನಾ?

ಎಷ್ಟೋ ಬ್ರಿಟಿಷ್ ಶಾಲೆಗಳು 16ರವರೆಗೆ ಐಜಿಸಿಎಸ್‌ಇ ನಡೆಸಿ, ಆಮೇಲೆ ಐಬಿ, ಅಂದರೆ ಇಂಟರ್ನ್ಯಾಷನಲ್ ಬ್ಯಾಕಲಾರಿಯೇಟ್ ಡಿಪ್ಲೊಮಾಗೆ ಹೊರಳುತ್ತವೆ. ಐಬಿಯಲ್ಲಿ ಆರು ವಿಷಯ, ಜೊತೆಗೆ 4,000 ಪದಗಳವರೆಗಿನ ಒಂದು ಪ್ರಬಂಧ, ಥಿಯರಿ ಆಫ್ ನಾಲೆಡ್ಜ್, ಸಮಾಜಸೇವೆ ಸೇರಿದ ಚಟುವಟಿಕೆಗಳು. ಒಟ್ಟು 45 ಅಂಕ. ಎಲ್ಲದರಲ್ಲೂ ಒಂದು ಹದಕ್ಕೆ ಇರುವ, ಸಮಯ ಹೊಂದಿಸಿಕೊಳ್ಳುವ ಮಕ್ಕಳಿಗೆ ಅದು ಚೆನ್ನ. ಗಣಿತ, ಭೌತಶಾಸ್ತ್ರ ಸಿಕ್ಕರೆ ಸಾಕು, ಪ್ರಬಂಧ ಬೇಡ ಅನ್ನುವ ಮಕ್ಕಳಿಗೆ ಎ ಲೆವೆಲ್.

ಎ ಲೆವೆಲ್‌ನಲ್ಲಿ ವಿಷಯ ಆರಿಸುವಾಗ ಮುಂದೆ ಏನು ಓದಬೇಕು ಅನ್ನುವುದರಿಂದ ಹಿಂದಕ್ಕೆ ಬನ್ನಿ. ಮೆಡಿಸಿನ್‌ಗೆ ರಸಾಯನಶಾಸ್ತ್ರ ಹೆಚ್ಚುಕಡಿಮೆ ಬೇಕೇ ಬೇಕು, ಜೀವಶಾಸ್ತ್ರವನ್ನೂ ಬಹಳ ಕಡೆ ಕೇಳುತ್ತಾರೆ. ಎಂಜಿನಿಯರಿಂಗ್‌ಗೆ ಗಣಿತ, ಭೌತಶಾಸ್ತ್ರ. ಅರ್ಥಶಾಸ್ತ್ರ ಓದಬೇಕಾದರೆ ಗಣಿತ ಬಿಡಬೇಡಿ. ತಾಯ್ನಾಡಿನ ವಿಶ್ವವಿದ್ಯಾಲಯಕ್ಕೆ ಹೋಗುವ ಯೋಚನೆ ಇದ್ದರೆ, ಅಲ್ಲಿ ಎಷ್ಟು ವಿಷಯ, ಯಾವ ವಿಷಯ ಕೇಳುತ್ತಾರೆ ಅಂತ ಇಯರ್ 9ರಲ್ಲೇ ತಿಳಿದುಕೊಳ್ಳಿ. ಇಯರ್ 13ರಲ್ಲಿ ತಿಳಿದರೆ ಏನೂ ಮಾಡಲಾಗದು.

ಶಾಲೆಯ ಫಲಿತಾಂಶವನ್ನು ಎಷ್ಟು ನಂಬಬೇಕು?

ಶೇಕಡಾವಾರು ನೋಡುವ ಮುಂಚೆ ಎಷ್ಟು ಮಕ್ಕಳು ಬರೆದರು ಅಂತ ಕೇಳಿ. ಹತ್ತು ಮಕ್ಕಳಲ್ಲಿ ಒಂಬತ್ತು ಜನಕ್ಕೆ ಎ ಬಂದರೂ ಶೇಕಡಾ 90, ನೂರರಲ್ಲಿ 90 ಜನಕ್ಕೆ ಬಂದರೂ ಶೇಕಡಾ 90. ಇನ್ನೊಂದು ಪ್ರಶ್ನೆ: ಇಯರ್ 12ಕ್ಕೆ ಸೇರಿದವರಲ್ಲಿ ಎಷ್ಟು ಜನ ಇಯರ್ 13 ಮುಗಿಸಿದರು? ಓದಿನಲ್ಲಿ ಹಿಂದಿರುವ ಮಕ್ಕಳನ್ನು ನಡುವೆಯೇ ಬೇರೆ ಕಡೆ ಕಳಿಸಿ ಫಲಿತಾಂಶ ಹೊಳಪಿಸಿಕೊಳ್ಳುವುದು ಈ ಪ್ರಶ್ನೆಯಿಂದ ಬಯಲಾಗುತ್ತದೆ.

ಫೀಸ್‌ನಲ್ಲಿ ಕಾಣದ ಖರ್ಚು ಯಾವುವು?

ಟ್ಯೂಷನ್ ಫೀಸ್ ಒಂದೇ ನೋಡಿ ಲೆಕ್ಕ ಹಾಕಬೇಡಿ. ಅರ್ಜಿ ಶುಲ್ಕ ವಾಪಸ್ ಬರುವುದಿಲ್ಲ. ಸೀಟು ಹಿಡಿಯಲು ಡಿಪಾಸಿಟ್. ಕೆಲವು ಕಡೆ ಕಟ್ಟಡದ ಹೆಸರಲ್ಲಿ ಪ್ರತ್ಯೇಕ ಹಣ, ಹಾಂಗ್‌ಕಾಂಗ್‌ನಲ್ಲಿ ಡಿಬೆಂಚರ್ ಅನ್ನುವ ದೊಡ್ಡ ಮೊತ್ತ. ಬಸ್, ಯೂನಿಫಾರ್ಮ್, ಊಟ, ಪ್ರವಾಸ, ಲ್ಯಾಪ್‌ಟಾಪ್. ಐಜಿಸಿಎಸ್‌ಇ ಮತ್ತು ಎ ಲೆವೆಲ್ ಪರೀಕ್ಷಾ ಶುಲ್ಕ ಹೆಚ್ಚಿನ ಕಡೆ ಬೇರೆ. ಇಂಗ್ಲಿಷ್ ಸಹಾಯದ ತರಗತಿ, ಕಲಿಕೆಗೆ ವಿಶೇಷ ನೆರವು ಬೇಕಾದರೆ ಅದೂ ಬೇರೆ ಬಿಲ್ಲು. ಸೆಕೆಂಡರಿಗೆ ಹೋಗುತ್ತಿದ್ದಂತೆ ಫೀಸ್ ಏರುತ್ತದೆ, ಆದ್ದರಿಂದ ಈಗಿನ ತರಗತಿಯದ್ದಲ್ಲದೆ ಮುಂದಿನ ನಾಲ್ಕು ವರ್ಷದ ಪಟ್ಟಿಯನ್ನೂ ಕೇಳಿ ಪಡೆಯಿರಿ.

ಕಂಪನಿ ಫೀಸ್ ಕೊಡುತ್ತದೆ ಅಂದರೆ ಯಾವುದನ್ನೆಲ್ಲ ಕೊಡುತ್ತದೆ ಅಂತ ಬರಹದಲ್ಲಿ ಪಡೆಯಿರಿ. ಕೆಲಸ ಹೋದರೆ ಆ ಟರ್ಮ್‌ನ ಫೀಸ್ ಯಾರ ತಲೆಗೆ ಅನ್ನುವುದನ್ನೂ ಕೇಳಿ. ಶಾಲೆ ಬಿಡಲು ಸಾಮಾನ್ಯವಾಗಿ ಒಂದು ಟರ್ಮ್ ಮುಂಚೆ ನೋಟಿಸ್ ಕೊಡಬೇಕು. ತಡವಾದರೆ ಆ ಟರ್ಮ್‌ನ ಪೂರ್ತಿ ಫೀಸ್ ಕೈಬಿಟ್ಟು ಹೋಗುತ್ತದೆ. ವರ್ಗಾವಣೆ ಮೇಲೆ ಬದುಕುವ ನಮ್ಮಂಥವರಿಗೆ ಈ ಷರತ್ತೇ ಎಲ್ಲಕ್ಕಿಂತ ದುಬಾರಿ. ಕೆಲಸದ ಕಾರಣಕ್ಕೆ ದಿಢೀರ್ ಹೊರಟರೆ ವಿನಾಯಿತಿ ಇದೆಯಾ ಅಂತ ಸೇರುವಾಗಲೇ ಕೇಳಿ.

ಪ್ರವೇಶ ಪರೀಕ್ಷೆಗೆ ತಯಾರಿ ಬೇಕಾ?

ಹಲವು ಶಾಲೆಗಳು ಕ್ಯಾಟ್ 4 ಅನ್ನುವ ಪರೀಕ್ಷೆ ಕೊಡುತ್ತವೆ. ಪದ, ಸಂಖ್ಯೆ, ಆಕಾರ, ಜಾಗದ ಕಲ್ಪನೆ, ಹೀಗೆ ನಾಲ್ಕು ಭಾಗ. ಸರಾಸರಿ ಅಂಕ 100. ಇದು ಪಾಠ ಕೇಳುವ ಪರೀಕ್ಷೆಯಲ್ಲ, ಮಗು ಹೇಗೆ ಯೋಚಿಸುತ್ತದೆ ಅಂತ ನೋಡುವುದು. ಪ್ರಶ್ನೆಗಳ ಮಾದರಿ ಒಂದು ಸಲ ತೋರಿಸಿ, ಸಾಕು. ಕೋಚಿಂಗ್‌ಗೆ ಹಾಕಿ ಮಗುವನ್ನು ಸುಮ್ನೆ ದಣಿಸಬೇಡಿ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿಸಿ.

ಮಗುವಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಕಲಿಕೆಯ ತೊಂದರೆಯೂ ಇದೆ. ಶಾಲೆಗೆ ಹೇಳಬೇಕಾ?

ಎರಡನ್ನೂ ಹೇಳಿ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವ ಮಕ್ಕಳಿಗೆ ಇಎಎಲ್ ಅನ್ನುವ ನೆರವು ಇರುತ್ತದೆ. ಆ ಶಿಕ್ಷಕರು ತರಗತಿಯೊಳಗೇ ಬಂದು ಕೂರುತ್ತಾರಾ, ಮಗುವನ್ನು ಹೊರಗೆ ಕರೆದೊಯ್ಯುತ್ತಾರಾ ಅಂತ ಕೇಳಿ. ದಿನಾ ಅದೇ ಪಾಠ ತಪ್ಪಿಸಿಕೊಂಡು ಹೊರಗೆ ಹೋಗುವ ಮಗು ವಿಜ್ಞಾನದಲ್ಲೂ ಹಿಂದೆ ಬೀಳುತ್ತದೆ.

ಕಲಿಕೆಯ ತೊಂದರೆಯನ್ನು ಮುಚ್ಚಿಟ್ಟು ಸೇರಿಸುವವರ ಭಯ ನನಗೆ ಅರ್ಥವಾಗುತ್ತದೆ. ಸೀಟು ತಪ್ಪೀತು ಅನ್ನುವ ಭಯ ಅದು. ಆದರೆ ಆಮೇಲೆ ಗೊತ್ತಾದರೆ ಸೀಟು ರದ್ದು ಮಾಡುವ ಷರತ್ತು ಬಹಳ ಒಪ್ಪಂದಗಳಲ್ಲಿದೆ. ಇಂಗ್ಲೆಂಡಿನಲ್ಲಿರುವ ಕಾನೂನಿನ ರಕ್ಷಣೆ ಹೊರದೇಶದಲ್ಲಿ ಇರುವುದಿಲ್ಲ. ಬೇಡ ಅನ್ನುವ ಶಾಲೆ ಬೇಗ ಬೇಡ ಅನ್ನಲಿ. ಹೂಂ ಅನ್ನುವ ಶಾಲೆ ಸಿಕ್ಕಾಗ, ಸೆನ್ಕೋ ಅಂದರೆ ವಿಶೇಷ ನೆರವಿನ ಜವಾಬ್ದಾರಿ ಹೊತ್ತವರನ್ನು ಸೇರುವ ಮುಂಚೆಯೇ ಭೇಟಿಯಾಗಿ. ಐಜಿಸಿಎಸ್‌ಇಯಲ್ಲಿ ಹೆಚ್ಚುವರಿ ಸಮಯ ಬೇಕಾದರೆ ದಾಖಲೆ ಬೇಕು. ಹಳೆಯ ವರದಿಗಳನ್ನೆಲ್ಲ ಜೋಪಾನವಾಗಿಡಿ.

ಮನೆ ಮಾತು ಮರೆತುಹೋಗುವುದಿಲ್ಲವಾ?

ಮನೆಯಲ್ಲಿ ಆಡಿದರೆ ಮರೆಯುವುದಿಲ್ಲ. ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮನೆ ಭಾಷೆ ಗಟ್ಟಿಯಿರುವ ಮಗುವಿಗೆ ಇನ್ನೊಂದು ಭಾಷೆ ಕಲಿಯಲು ಕಾಲೂರುವ ಜಾಗ ಇರುತ್ತದೆ. ಶಾಲೆ ಆಯಾ ದೇಶದ ಭಾಷೆಯನ್ನೂ ಕಲಿಸುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಂತೂ ಅರಬ್ಬಿ ಕಡ್ಡಾಯ.

ಶಾಲೆ ನೋಡಲು ಹೋದಾಗ ಏನು ಗಮನಿಸಬೇಕು?

ಈಜುಕೊಳ ಎಲ್ಲ ಕಡೆ ತೋರಿಸುತ್ತಾರೆ. ನೀವು ಮಕ್ಕಳ ನೋಟ್‌ಬುಕ್ ನೋಡಬೇಕು ಅಂತ ಕೇಳಿ. ಶಿಕ್ಷಕರು ಬರೀ ಸರಿ ಗುರುತು ಹಾಕಿದ್ದಾರಾ, ಏನು ತಿದ್ದಬೇಕು ಅಂತ ಬರೆದಿದ್ದಾರಾ, ಮಗು ಅದನ್ನು ತಿದ್ದಿದೆಯಾ? ಮೂರು ನೋಟ್‌ಬುಕ್ ಸಾಕು, ಶಾಲೆ ಅರ್ಥವಾಗುತ್ತದೆ. ಪಾಠ ನಡೆಯುವ ದಿನವೇ ಹೋಗಿ, ರಜಾ ದಿನ ಬೇಡ. ಆಟದ ಹೊತ್ತಿನಲ್ಲಿ ಒಂಟಿಯಾಗಿ ನಿಂತ ಮಕ್ಕಳಿದ್ದಾರಾ, ಅವರ ಹತ್ತಿರ ಯಾರಾದರೂ ಹೋಗುತ್ತಾರಾ ನೋಡಿ. ಹೊಸದಾಗಿ ಬಂದ ಮಗುವಿಗೆ ಜೊತೆಗಾರರನ್ನು ಗೊತ್ತು ಮಾಡುವ ಪದ್ಧತಿ ಇದೆಯಾ ಕೇಳಿ. ನಿಮ್ಮ ಮಗುವನ್ನೂ ಕರೆದುಕೊಂಡು ಹೋಗಿ.

ವೇಟಿಂಗ್ ಲಿಸ್ಟ್ ಅಂದರು. ಕಾಯಬೇಕಾ?

ಹೆಸರು ಬರೆಸಿ, ಇನ್ನೊಂದು ಶಾಲೆಗೂ ಅರ್ಜಿ ಹಾಕಿ. ವಲಸೆ ಕುಟುಂಬಗಳು ಜಾಸ್ತಿ ಇರುವ ಊರುಗಳಲ್ಲಿ ಜೂನ್, ಜುಲೈನಲ್ಲಿ ಬಹಳ ಸೀಟು ತೆರವಾಗುತ್ತವೆ. ಎಷ್ಟನೆಯ ಸ್ಥಾನ ಅಂತ ತಿಂಗಳಿಗೊಮ್ಮೆ ವಿನಯವಾಗಿ ವಿಚಾರಿಸುತ್ತಿರಿ.

ಬ್ರಿಟಿಷ್ ಶಾಲೆಯಲ್ಲಿ ಓದಿದರೆ ಬ್ರಿಟನ್ನಿನ ವಿಶ್ವವಿದ್ಯಾಲಯದಲ್ಲಿ ಫೀಸ್ ಕಡಿಮೆಯಾ?

ಇಲ್ಲ. ಇದು ತುಂಬಾ ಹಬ್ಬಿರುವ ತಪ್ಪು ತಿಳಿವಳಿಕೆ. ಅಲ್ಲಿನ ಹೋಮ್ ಫೀಸ್‌ಗೆ (ಅಲ್ಲಿನವರಿಗಿರುವ ಕಡಿಮೆ ಫೀಸ್) ವಾಸದ ಹಕ್ಕಿನ ಜೊತೆ, ಸಾಮಾನ್ಯವಾಗಿ ಕೋರ್ಸಿಗೆ ಮುಂಚಿನ ಮೂರು ವರ್ಷ ಅಲ್ಲೇ ನೆಲೆಸಿರಬೇಕು. ಬ್ರಿಟನ್ನಿನ ಪಾಸ್‌ಪೋರ್ಟ್ ಇದ್ದು ಹೊರಗೆ ಬೆಳೆದ ಮಕ್ಕಳಿಗೂ ಅಂತರರಾಷ್ಟ್ರೀಯ ಫೀಸ್ ಬೀಳಬಹುದು. ತಾತ್ಕಾಲಿಕ ಕೆಲಸಕ್ಕೆ ಹೊರಗೆ ಹೋದವರಿಗೆ ವಿನಾಯಿತಿ ಸಿಗುವುದುಂಟು, ಅದಕ್ಕೆ ಒಪ್ಪಂದದ ಪತ್ರಗಳು ಬೇಕಾಗುತ್ತವೆ.

ಶಾಲೆಯಿಂದ ಸಿಗುವ ನಿಜವಾದ ಲಾಭ ಬೇರೆ. ಅರ್ಜಿ ಯುಕ್ಯಾಸ್ ಅನ್ನುವ ಕೇಂದ್ರೀಯ ಪ್ರವೇಶ ವ್ಯವಸ್ಥೆಯ ಮೂಲಕ ಹೋಗುತ್ತದೆ. ಅದಕ್ಕೆ ಶಿಕ್ಷಕರ ಶಿಫಾರಸು, ನಿರೀಕ್ಷಿತ ಗ್ರೇಡ್ ಬೇಕು. ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಮೆಡಿಸಿನ್‌ಗೆ ಅಕ್ಟೋಬರ್ ನಡುವೆಯೇ ಗಡುವು. ಇದನ್ನೆಲ್ಲ ವರ್ಷಾವರ್ಷ ಮಾಡಿ ಪಳಗಿದ ಸಲಹೆಗಾರರು ಶಾಲೆಯಲ್ಲಿದ್ದರೆ ಮಗುವಿಗೆ ದಾರಿ ಸುಲಭ.

ಶಾಲೆ ಬಿಡುವಾಗ ಏನೇನು ತೆಗೆದುಕೊಂಡು ಹೋಗಬೇಕು?

ಕೊನೆಯ ಎರಡು ವರ್ಷದ ರಿಪೋರ್ಟ್ ಕಾರ್ಡ್. ವರ್ಗಾವಣೆ ಪತ್ರ, ಬೇಕಾದರೆ ಆ ದೇಶದ ಇಲಾಖೆಯ ಮುದ್ರೆಯೊಂದಿಗೆ. ಕ್ಯಾಟ್ 4 ಅಂಕ. ಲಸಿಕೆಯ ದಾಖಲೆ. ವಿಶೇಷ ನೆರವು ಪಡೆದಿದ್ದರೆ ಅದರ ಫೈಲು. ಪರೀಕ್ಷೆ ಬರೆದಿದ್ದರೆ ಬೋರ್ಡಿನ ಮೂಲ ಪ್ರಮಾಣಪತ್ರ, ಅದು ಫಲಿತಾಂಶ ಬಂದು ಕೆಲವು ತಿಂಗಳ ಮೇಲೆ ಶಾಲೆಗೆ ಬರುತ್ತದೆ, ಯಾರು ತೆಗೆದುಕೊಂಡು ಕಳಿಸುತ್ತಾರೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಮತ್ತೆ ಮಗುವಿನ ಎರಡು ಮೂರು ನೋಟ್‌ಬುಕ್. ಹೊಸ ಶಾಲೆಯ ಶಿಕ್ಷಕರು ರಿಪೋರ್ಟ್ ಕಾರ್ಡಿಗಿಂತ ಮೊದಲು ಅವನ್ನೇ ತೆರೆದು ನೋಡುತ್ತಾರೆ. ನಮ್ಮ ಮಗಳು ತನ್ನ ಇತಿಹಾಸದ ನೋಟ್‌ಬುಕ್ಕನ್ನು ಎರಡೂ ಸಲ ಕೈಚೀಲದಲ್ಲೇ ಇಟ್ಟುಕೊಂಡು ವಿಮಾನ ಹತ್ತಿದಳು.